ಮೂಲೆಯ ಅರ್ಧ ಮಾತ್ರೆ

ಶಿಷ್ಯ ಕೇಳಿದ: "ಗುರುಗಳೇ, ದಿನವೂ ನನ್ನ ಮನಸ್ಸನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ಒಮ್ಮೆಯೂ ಸೋತಿಲ್ಲ. ನನ್ನ ಸಾಧನೆ ಮುಗಿಯಿತೆನ್ನಬಹುದೇ?"

ಗುರುಗಳು ನಕ್ಕರು. "ಭೇಷ್! ಒಂದು ಕತೆ ಕೇಳು," ಎಂದರು.

ಔಷಧಿ ಕಾರ್ಖಾನೆಯೊಂದರಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇದ್ದಳು. ಹೃದಯದ ಕಾಯಿಲೆಯವರ ಮಾತ್ರೆಗಳನ್ನು ಸ್ಟ್ರಿಪ್‌ಗಳಲ್ಲಿ ತುಂಬುವ ಹೊಸ ಯಂತ್ರ ಬಂದಿತ್ತು. ಮುರಿದ ಮಾತ್ರೆ ಕ್ಯಾಮೆರಾಕ್ಕೆ ಕಂಡರೆ ಯಂತ್ರ ಆ ಸ್ಟ್ರಿಪ್ಪನ್ನು ಹೊರಕ್ಕೆ ತಳ್ಳಬೇಕು. ಹಾಗೆ ತಳ್ಳಿಸುವ ಪ್ರೋಗ್ರಾಂ ಬರೆದವಳು ಅವಳೇ.

ಅಲ್ಲೊಂದು ಪದ್ಧತಿಯಿತ್ತು. ಬೆಳಗ್ಗೆ ಕೆಲಸ ಶುರುವಾಗುವ ಮೊದಲು, ಬೇಕೆಂದೇ ಕೆಡಿಸಿಟ್ಟ ಒಂದು ಸ್ಟ್ರಿಪ್ಪನ್ನು ಯಂತ್ರದೊಳಗೆ ಬಿಡುವುದು. ಯಂತ್ರ ಅದನ್ನು ಹೊರಗೆ ತಳ್ಳಿದರೆ ಪಾಸ್. ಆ ಸ್ಟ್ರಿಪ್ಪನ್ನೂ ಅವಳೇ ಮಾಡಿದ್ದಳು. ಮೂಲೆಯಲ್ಲಿ ಅರ್ಧ ಮಾತ್ರೆ ಇಟ್ಟಿದ್ದಳು. ಯಂತ್ರ ಒಂದು ದಿನವೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ದಿನವೂ ಅದೇ ಸ್ಟ್ರಿಪ್, ಅದೇ ಮೂಲೆ.

ಒಂದು ದಿನ ಆ ಸ್ಟ್ರಿಪ್ ಹರಿಯಿತು. ಅವಳು ಹೊಸದನ್ನು ಮಾಡುವಾಗ ಅರ್ಧ ಮಾತ್ರೆಯನ್ನು ನಡುವೆ ಇಟ್ಟಳು. ಯಂತ್ರ ಅದನ್ನು ಹಾಗೆಯೇ ಬಿಟ್ಟುಬಿಟ್ಟಿತು. ಮತ್ತೆ ಹಾಕಿದಳು. ಮತ್ತೆ ಬಿಟ್ಟಿತು. ತಪ್ಪು ಅವಳ ಪ್ರೋಗ್ರಾಮಿನಲ್ಲೇ ಇತ್ತು. ಅವಳು ಮ್ಯಾನೇಜರ್ ಬಳಿಗೆ ಓಡಿದಳು. ಆ ಯಂತ್ರ ತುಂಬಿದ ಮೊದಲ ಸರಕು ಲಾರಿಯಲ್ಲಿ ಹೊರಟು ನಿಂತಿತ್ತು. ಅವಳ ಕೆಲಸ ಖಾಯಂ ಆಗುತ್ತದೋ ಇಲ್ಲವೋ ಎಂಬುದೂ ಅದೇ ವಾರ ತೀರ್ಮಾನವಾಗಬೇಕಿತ್ತು.

ಮ್ಯಾನೇಜರ್ ಹೇಳಿದ: "ನಿಯಮದ ಪ್ರಕಾರ ಪಾಸ್ ಆಗಿದೆಯಲ್ಲಮ್ಮ. ನಿಮ್ಮ ತಲೆ ಮೇಲೆ ನೀವೇ ಯಾಕೆ ಚಪ್ಪಡಿ ಎಳ್ಕೋತೀರ?"

"ಪಾಸ್ ಆಗಿದ್ದು ಮೂಲೆ ಮಾತ್ರ ಸಾರ್. ನಡುವಿನ ಮಾತ್ರೆನೂ ಯಾರೋ ನುಂಗ್ತಾರೆ. ಲಾರಿ ಹೋಗಕೂಡದು."

ಅವನು ಗದರಿದ. ಅವಳು ಜಗ್ಗಲಿಲ್ಲ. 'ತಪ್ಪು ನನ್ನದು, ಸರಕು ನಿಲ್ಲಿಸಿ' ಎಂದು ಬರೆದು, ಸಹಿ ಹಾಕಿ, ಮೇಲಿನವರಿಗೆ ಕಳಿಸಿಯೇಬಿಟ್ಟಳು. ಸರಕು ಇಳಿಯಿತು. ಕೈಯಿಂದ ಹುಡುಕಿದಾಗ ಮುರಿದ ಮಾತ್ರೆಗಳು ಸಿಕ್ಕವು. ಅವಳ ಕೆಲಸ ಮಾತ್ರ ಖಾಯಂ ಆಗಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೆ ಅವಳು ಅಳುತ್ತಾ ಕೂರಲಿಲ್ಲ. ಇದ್ದಷ್ಟು ದಿನದಲ್ಲೇ ಪ್ರೋಗ್ರಾಮನ್ನು ಸರಿಪಡಿಸಿದಳು. ಹೊರಡುವ ಮುನ್ನ ಹಟ ಹಿಡಿದು ಒಂದು ನಿಯಮ ಮಾಡಿಸಿದಳು: ಪ್ರೋಗ್ರಾಂ ಬರೆದವರು ಪರೀಕ್ಷೆಯ ಸ್ಟ್ರಿಪ್ಪನ್ನು ಮುಟ್ಟುವಂತಿಲ್ಲ, ಅದನ್ನು ಬೇರೆಯವರೇ ಕೆಡಿಸಬೇಕು.

ಕತೆ ಮುಗಿಸಿ ಗುರುಗಳು ಶಿಷ್ಯನ ಮುಖ ನೋಡಿದರು.

"ಈಗ ಹೇಳಪ್ಪ, ನಿನ್ನ ಪರೀಕ್ಷೆಗೆ ಪ್ರಶ್ನೆ ಯಾರು ಬರೆಯುತ್ತಾರೆ?"