ಕಡಿಮೆ ಎಳೆಯುವ ಬಲ್ಬು

"ಗುರುಗಳೇ, ಏನನ್ನೂ ಕೇಳದವನನ್ನು ನಂಬಬಹುದೆ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಚೆನ್ನವೀರ. ಹೊಸ ಅಡುಗೆಯವನು ಬಂದ ದಿನದಿಂದ ಅವನಿಗೆ ನೆಮ್ಮದಿ ಇರಲಿಲ್ಲ. ಹಿಂದಿನ ಅಡುಗೆಯವರು ದಿನಕ್ಕೆ ನಾಲ್ಕು ಸಲ ಎಣ್ಣೆ ಸಾಲದು, ಬೇಳೆ ಸಾಲದು ಎಂದು ಉಗ್ರಾಣದ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಈತನೋ, ಕೊಟ್ಟದ್ದರಲ್ಲೇ ಉಳಿಸಿ ತಂದಿಡುತ್ತಿದ್ದ. ಆದರೂ ಪಂಕ್ತಿಯಲ್ಲಿ ಯಾರೂ ಹಸಿದು ಏಳುತ್ತಿರಲಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಎಂದುಕೊಂಡ ಚೆನ್ನವೀರ ಮೂರು ಸಲ ಅವನ ಗಂಟುಮೂಟೆ ಬಿಚ್ಚಿಸಿ ನೋಡಿದ. ಏನೂ ಸಿಗಲಿಲ್ಲ. ಸಿಗದೆ ಹೋದದ್ದೇ ಅವನ ಅನುಮಾನವನ್ನು ಗಟ್ಟಿಮಾಡಿತು.

"ಅವನನ್ನು ಹೆಂಡತಿ ಮಕ್ಕಳ ಸಮೇತ ನಾಳೆಯೇ ಕಳಿಸಿಬಿಡುತ್ತೇನೆ, ಅಪ್ಪಣೆಯಾಗಲಿ" ಎಂದ.

ಗುರುಗಳು ಅಪ್ಪಣೆ ಕೊಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಟ್ಯಾಕ್ಸಿ ಚಾಲಕನಿದ್ದ. ಕಾರಿನ ಇಂಡಿಕೇಟರುಗಳ ಹಳೆಯ ಬಲ್ಬು ತೆಗೆಸಿ ಎಲ್‌ಇಡಿ ಬಲ್ಬು ಹಾಕಿಸಿದ. ಅಂದಿನಿಂದ ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ಇಂಡಿಕೇಟರು ದೆವ್ವ ಹಿಡಿದಂತೆ ಟಕಟಕನೆ ಬಡಿದುಕೊಳ್ಳತೊಡಗಿತು. ಬಲ್ಬು ಸುಟ್ಟುಹೋದಾಗ ಹೀಗಾಗುವುದು ಅವನಿಗೆ ಗೊತ್ತು. ಇಳಿದು ನೋಡಿದರೆ ನಾಲ್ಕೂ ಬಲ್ಬು ಚೆನ್ನಾಗಿಯೇ ಉರಿಯುತ್ತಿದ್ದವು. ಕಣ್ಣೆದುರು ಉರಿಯುತ್ತಿದ್ದರೂ ಅವನು ನಂಬಲಿಲ್ಲ. ಅಂಗಡಿಯವನು ನಕಲಿ ಮಾಲು ಕೊಟ್ಟ ಎಂದು ಬೇರೆ ಅಂಗಡಿಯಿಂದ ತಂದು ಹಾಕಿಸಿದ. ಬಡಿತ ನಿಲ್ಲಲಿಲ್ಲ. ಹಾಗಾದರೆ ತಾನು ಮತ್ತೆ ಮತ್ತೆ ಬರಲಿ ಎಂದು ಬಲ್ಬು ಹಾಕಿದ ಮೆಕ್ಯಾನಿಕ್ಕೇ ವೈರು ಸಡಿಲ ಬಿಟ್ಟಿರಬೇಕು ಎಂದುಕೊಂಡ. ಹತ್ತು ವರ್ಷ ಆ ಕಾರನ್ನು ಮಗುವಿನಂತೆ ನೋಡಿಕೊಂಡಿದ್ದ ಮೆಕ್ಯಾನಿಕ್ಕು ಒಂದೇ ವಾರದಲ್ಲಿ ಅವನ ಕಣ್ಣಿಗೆ ಕಳ್ಳನಾದ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವವರು ಎಲ್ಲ ಊರಲ್ಲೂ ಇರುತ್ತಾರೆ.

ಚಾಲಕ ಗ್ಯಾರೇಜಿಗೆ ಹೋಗಿ ನಾಲ್ಕು ಜನರೆದುರು ಕೇಳಿದ. "ನನ್ನ ಗಾಡಿಗೆ ಏನ್ ಮಾಡಿಟ್ಟಿದ್ದೀಯ, ನಿಜ ಹೇಳು."

ಮೆಕ್ಯಾನಿಕ್ಕಿಗೆ ಬಹಳ ನೋವಾಯಿತು. ಆದರೂ ಜಗಳಕ್ಕೆ ನಿಲ್ಲದೆ, ಸ್ಟೀರಿಂಗಿನ ಕೆಳಗೆ ಕೈಹಾಕಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಕಿತ್ತು ಅವನ ಅಂಗೈಮೇಲಿಟ್ಟ.

"ಬಲ್ಬೂ ಸರಿ ಇದೆ, ವೈರೂ ಸರಿ ಇದೆ ಅಣ್ಣಾ. ಬಲ್ಬು ಸುಟ್ಟಿದೆಯೋ ಇಲ್ವೋ ಅಂತ ಕಾಯೋದು ಈ ಫ್ಲ್ಯಾಶರ್ರು. ಇದು ಬೆಳಕು ನೋಡಲ್ಲ, ಎಷ್ಟು ಕರೆಂಟು ಎಳೀತು ಅಂತ ಮಾತ್ರ ನೋಡುತ್ತೆ. ಇಷ್ಟು ದಿನ ಜಾಸ್ತಿ ಎಳೆಯೋ ಬಲ್ಬನ್ನೇ ಕಂಡಿದೆ. ಯಾವುದಾದ್ರೂ ಕಡಿಮೆ ಎಳೆದರೆ ಸುಟ್ಟೇಹೋಯ್ತು ಅಂತ ಬಾಯಿ ಬಡ್ಕೊಳ್ಳುತ್ತೆ."

"ಈಗೇನು ಮಾಡೋದು?"

"ಪಕ್ಕದಲ್ಲೊಂದು ರೆಸಿಸ್ಟರ್ ಕಟ್ಟಬಹುದು. ಅದು ಸುಮ್ಮಸುಮ್ಮನೆ ಕರೆಂಟು ತಿಂದು ಬಿಸಿಯಾಗುತ್ತೆ, ಈ ಫ್ಲ್ಯಾಶರ್ರಿಗೆ ಸಮಾಧಾನ ಆಗುತ್ತೆ, ಬೆಳಕೇನೂ ಹೆಚ್ಚಲ್ಲ. ಇಲ್ಲಾಂದ್ರೆ ಎಲ್‌ಇಡಿಗೆ ಒಗ್ಗೋ ಫ್ಲ್ಯಾಶರ್ರನ್ನೇ ಹಾಕಬೇಕು."

ಚಾಲಕ ತಲೆ ತಗ್ಗಿಸಿ, "ಫ್ಲ್ಯಾಶರ್ರೇ ಬದಲಾಯಿಸಪ್ಪ" ಎಂದ. ಹೊಸದು ಹಾಕಿದ ಮೇಲೆ ಬಡಿತ ನಿಂತಿತು.

ಕತೆ ಮುಗಿಯಿತು. ಗುರುಗಳ ಮನಸ್ಸು ಅಡುಗೆಯವನ ಕಡೆಗಿದೆ ಎಂಬಷ್ಟು ಮಾತ್ರ ಚೆನ್ನವೀರನಿಗೆ ತಿಳಿಯಿತು.

"ಆಗಲಿ ಗುರುಗಳೇ, ಅವನು ಇರಲಿ. ನಾನು ಮಾತ್ರ ಅವನ ಮೇಲೆ ಒಂದು ಕಣ್ಣಿಟ್ಟೇ ಇರುತ್ತೇನೆ" ಎಂದ.

ಗುರುಗಳು ಕೈ ಚಾಚಿದರು. "ಉಗ್ರಾಣದ ಬೀಗದಕೈ ಇಲ್ಲಿ ಕೊಡು."