ಅವ್ವ ಉಜ್ಜಿ ತೆಗೆದ ಜಡ್ಡು

ಬೀಸುವ ಕಲ್ಲು ಕೋಳಿಗಿಂತ ಮೊದಲು ಏಳುತ್ತಿದ್ದ ಒಂದಾನೊಂದು ಕಾಲದಲ್ಲಿ, ಸಾವಂತ್ರವ್ವ ಎಂಬುವಳು ಊರವರ ಜೋಳ ಬೀಸಿ, ಬಾಳವ್ವ ಎಂಬ ಒಬ್ಬಳೇ ಮಗಳನ್ನು ಸಾಕಿದ್ದಳಂತೆ. ಕಲ್ಲಿನ ಗೂಟ ಹಿಡಿದು ಹಿಡಿದು ಅವಳ ಅಂಗೈಯಲ್ಲಿ ಜಡ್ಡು ಹುಣಸೆಬೀಜದಂತೆ ಸಾಲುಗಟ್ಟಿತ್ತಂತೆ. ಕಣ್ಣು ಮುಚ್ಚಿಕೊಂಡು ಕೇಳು ಕಂದಾ.

ಆಮೇಲೆ ಬಾಳವ್ವನಿಗೆ ಪಕ್ಕದೂರಿನ ಗಂಡು ಗೊತ್ತಾಯಿತಂತೆ. ಮದುಮಗನ ಕೆನ್ನೆಗೆ ಮೊದಲ ಅರಿಶಿನ ಹಚ್ಚಬೇಕಾದವಳು ಹೆಣ್ಣಿನ ತಾಯಿ. ವೀಳ್ಯದ ದಿನ ಮದುಮಗನ ತಂಗಿ ಸಾವಂತ್ರವ್ವನ ಕೈ ಮುಟ್ಟಿ ನೋಡಿ, ಅಣ್ಣಾ, ಕೆನ್ನೆ ಜೋಪಾನ, ಇದು ಕೈಯಲ್ಲ, ಎಮ್ಮೆಯ ಗೊರಸು ಅಂದಳಂತೆ. ಎಲ್ಲರೂ ನಕ್ಕರಂತೆ. ಬಾಳವ್ವನೂ ನಕ್ಕಳಂತೆ. ಅವರು ಹೋದ ಮೇಲೆ, ಅವ್ವಾ, ಆ ಜಡ್ಡು ತೆಗೆದುಬಿಡು, ಇಲ್ಲವಾದರೆ ಚಿಕ್ಕವ್ವನೇ ಅರಿಶಿನ ಹಚ್ಚಲಿ ಅಂದಳಂತೆ.

ಸಾವಂತ್ರವ್ವ ಮೊದಲು ಎತ್ತನ್ನು ಕೇಳಿದಳಂತೆ, ಜಡ್ಡು ತೆಗೆಯುವುದು ಹೇಗಪ್ಪಾ ಎಂದು. ಎತ್ತು ಹೆಗಲು ತೋರಿಸಿ, ಇದನ್ನು ತೆಗೆದರೆ ನಾಳೆ ನೊಗ ನೆತ್ತರು ಕುಡಿಯುತ್ತದೆ ತಾಯಿ ಅಂದಿತಂತೆ. ಆಮೇಲೆ ಬೇವಿನ ಮರವನ್ನು ಕೇಳಿದಳಂತೆ. ಮರ ಗಂಟು ತೋರಿಸಿ, ಕೊಂಬೆ ಕಡಿದ ಗಾಯವನ್ನು ಇದರಿಂದಲೇ ಮುಚ್ಚಿಕೊಂಡೆ, ಕೆತ್ತಿದರೆ ಹುಳು ಒಳಗೆ ಬರುತ್ತದೆ ಅಂದಿತಂತೆ. ಮೂರನೆಯದಾಗಿ ಮಗಳ ಮುಖ ನೋಡಿದಳಂತೆ. ಮುಖ ಆ ಕಡೆ ತಿರುಗಿತಂತೆ. ಆಮೇಲೆ ಸಾವಂತ್ರವ್ವ ಹಂಚಿನ ಚೂರು ಹಿಡಿದು, ಹಿತ್ತಿಲಲ್ಲಿ ಕುಳಿತು, ಮೂರು ದಿನ ಅಂಗೈ ಉಜ್ಜಿದಳಂತೆ.

ಅರಿಶಿನ ಹಚ್ಚಿದ ಕೈ ಬೆಣ್ಣೆಯಂತಿದೆ ಎಂದು ಬೀಗರು ಹೊಗಳಿದರಂತೆ.

ಮಗಳನ್ನು ಕಳಿಸುವ ದಿನ ತಾಯಿ ಮಗಳು ಎದುರುಬದುರು ಕುಳಿತು, ಒಂದೇ ಗೂಟ ಹಿಡಿದು ಒಂದು ಸೇರು ಜೋಳ ಬೀಸಬೇಕು. ಗಂಡನ ಮನೆಯ ಮೊದಲ ರೊಟ್ಟಿ ಆ ಹಿಟ್ಟಿನದೇ ಆಗಬೇಕು. ಅವ್ವನ ಕೈಯ ಮೇಲೆ ಕೈಯಿಟ್ಟ ಬಾಳವ್ವನಿಗೆ ಬೆರಳು ಒದ್ದೆಯಾಯಿತಂತೆ. ನೋಡಿದರೆ ಬಿಳಿ ಹಿಟ್ಟಿನ ಮೇಲೆ ಕೆಂಪು ಹನಿ. ಬೀಗಿತ್ತಿ ಎದ್ದುನಿಂತು, ಇದು ಅಪಶಕುನ, ಇವಳನ್ನು ಕಲ್ಲಿನಿಂದ ಎಬ್ಬಿಸಿ ಅಂದಳಂತೆ. ಸಾವಂತ್ರವ್ವ, ತಪ್ಪು ನನ್ನದೇ ತಾಯಿ ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡಳಂತೆ.

ಆಗ ಬಾಳವ್ವ ತಲೆ ಎತ್ತದೆ ಹೇಳಿದಳಂತೆ, ಅತ್ತೆ, ಈ ಕೈ ಸುಲಿಸಿದವಳು ನಾನು. ಇದು ಬೀಸಿದ್ದನ್ನು ತಿಂದು ಬೆಳೆದು, ನಿಮ್ಮೆದುರಿಗೆ ಇದಕ್ಕೇ ನಾಚಿದೆ. ಎಬ್ಬಿಸುವುದಾದರೆ ನನ್ನನ್ನು ಎಬ್ಬಿಸಿ.

ಗೊರಸು ಅಂದಿದ್ದ ಮದುಮಗನ ತಂಗಿ ನೆಲ ನೋಡಿದಳಂತೆ. ಬೀಗಿತ್ತಿ ಜಡ್ಡುಗಟ್ಟಿದ ತನ್ನ ಅಂಗೈ ನೋಡಿಕೊಂಡು, ಮತ್ತೆ ಕುಳಿತಳಂತೆ. ಬಾಳವ್ವ ಅವ್ವನನ್ನು ಪಕ್ಕಕ್ಕೆ ಕೂರಿಸಿ, ಕಲ್ಲು ತೊಳೆದು, ಬೇರೆ ಸೇರು ಜೋಳ ಒಬ್ಬಳೇ ಬೀಸಿದಳಂತೆ. ಅಂಗೈಯಲ್ಲಿ ಮೂರು ಗುಳ್ಳೆ ಎದ್ದು ಮೂರೂ ಒಡೆದವಂತೆ. ಆ ಕೈಯಲ್ಲೇ ಗಂಡನ ಮನೆ ಹೊಕ್ಕಳಂತೆ.

ಆಮೇಲೆ ಅವ್ವನ ಅಂಗೈ ಮತ್ತೆ ಗಟ್ಟಿಯಾಗುವವರೆಗೆ ದಿನವೂ ಪಕ್ಕದೂರಿನಿಂದ ನಡೆದು ಬಂದು, ಊರವರ ಜೋಳ ತಾನೇ ಬೀಸಿಕೊಟ್ಟಳಂತೆ. ಅವಳಿಗೂ ಜಡ್ಡು ಬಂತಂತೆ. ಎರಡು ಮನೆಯವರೂ ಸುಖವಾಗಿದ್ದರಂತೆ.

ಅವ್ವ ಬೈದಳಾ ಅಂತ ಕೇಳುತ್ತೀಯಾ? ಇಲ್ಲ ಕಂದಾ. ಬೈದಿದ್ದರೆ ಮಗಳ ನಾಚಿಕೆ ಅಂದೇ ತೀರುತ್ತಿತ್ತು. ಗುಳ್ಳೆಗೆ ಬೆಣ್ಣೆ ಹಚ್ಚಿದಳಂತೆ, ಅಷ್ಟೇ.

ಕತೆ ಮುಗೀತು. ಇನ್ನು ನನ್ನ ಕೈ ಬಿಡು, ನಿನ್ನ ಕೆನ್ನೆಗೆ ಚುಚ್ಚುತ್ತದೆ. ಬೇಡವಾ? ಸರಿ, ಇಲ್ಲೇ ಇಟ್ಟಿರುತ್ತೇನೆ. ಮಲಗು.