ಸಾರು ಕೇಳಿದ ಅಳಿಯ

ಸರ್ವಮಂಗಳಮ್ಮನಿಗೆ ಅಳಿಯನೆಂದರೆ ಬಲು ಹೆಮ್ಮೆ. ಅಳಿಯ ಶಿವಪ್ರಸಾದ ಊರಿನ ದೊಡ್ಡಾಸ್ಪತ್ರೆಗೆ ಮೊಬೈಲ್ ಆ್ಯಪ್ ಮಾಡಿಕೊಟ್ಟವನು. ಆ ಹೆಮ್ಮೆ ಯುಗಾದಿಯ ಹಿಂದಿನ ದಿನ ಮಣ್ಣುಪಾಲಾಯಿತು.

ಅವಳ ಗಂಡ ಮರುಳಪ್ಪನಿಗೆ ಡಯಾಲಿಸಿಸ್ ಆಗಬೇಕಿತ್ತು. ಅದಕ್ಕೆ ಸರದಿ ಹಿಡಿಯುವುದು ಆ ಆ್ಯಪ್‌ನಲ್ಲೇ. ಸರ್ವಮಂಗಳಮ್ಮ ಕನ್ನಡಕ ಏರಿಸಿಕೊಂಡು ದಿನ ಆರಿಸಿದಳು, ಹೊತ್ತು ಆರಿಸಿದಳು, ಹೆಸರು ತುಂಬಿದಳು. ಕೊನೆಯ ಪುಟದಲ್ಲಿ ನೋಡಿದರೆ ರೋಗಿಯ ಜಾಗದಲ್ಲಿ ತನ್ನದೇ ಹೆಸರು! ತಿದ್ದೋಣವೆಂದು ಹಿಂದಕ್ಕೆ ಹೋಗುವ ಬಾಣ ಒತ್ತಿದಳು. ಆ್ಯಪ್ ಒಂದು ಪುಟ ಹಿಂದೆ ಹೋಗಲಿಲ್ಲ. ತುಂಬಿದ್ದನ್ನೆಲ್ಲ ನುಂಗಿ ಮುಚ್ಚಿಕೊಂಡಿತು. ಮತ್ತೆ ಮೊದಲಿನಿಂದ ತುಂಬುವಷ್ಟರಲ್ಲಿ ಉಳಿದಿದ್ದ ಆ ಒಂದೇ ಸರದಿ ಬೇರೆಯವರ ಪಾಲಾಗಿತ್ತು. ಹಬ್ಬದ ದಿನ ಮರುಳಪ್ಪ ಕಾಲು ಊದಿಸಿಕೊಂಡು, ಏದುಸಿರು ಬಿಡುತ್ತ ಮಲಗಿದ್ದ.

ಹಬ್ಬಕ್ಕೆ ಬಂದ ಅಳಿಯನಿಗೆ ಇದನ್ನು ಹೇಳಿದರೆ ಅವನು ನಕ್ಕುಬಿಟ್ಟ. “ಹಿಂದಕ್ಕೆ ಯಾಕೆ ಹೋದ್ರಿ ಅತ್ತೆ? ಮೊದ್ಲೇ ಸರಿಯಾಗಿ ನೋಡ್ಕೋಬೇಕಿತ್ತು.”

ಮಾಡೋದೆಲ್ಲ ತಾನು ಮಾಡಿ, ತಪ್ಪು ನನ್ನ ತಲೆಗೆ ಕಟ್ಟುತ್ತಾನಲ್ಲ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಊಟಕ್ಕೆ ಎಲೆ ಹಾಕಿದಳು.

ಉಪ್ಪು, ಕೋಸಂಬರಿ, ಪಲ್ಯ, ಒಬ್ಬಟ್ಟು, ಸಾರು ಎಲ್ಲ ಬಡಿಸಿದ್ದಾಯಿತು. ಮೊಸರನ್ನಕ್ಕೆ ಬಂದಿದ್ದ ಅಳಿಯ, “ಅತ್ತೆ, ಒಬ್ಬಟ್ಟಿನ ಸಾರು ಇನ್ನೊಂದು ಸೌಟು ಹಾಕಿ” ಎಂದ. ತುಪ್ಪ ಸುರಿದ ಎರಡನೆಯ ಒಬ್ಬಟ್ಟು ಇನ್ನೂ ಎಲೆಯ ಮೇಲೇ ಇತ್ತು. ಸರ್ವಮಂಗಳಮ್ಮ ಎಲೆಯನ್ನೇ ಎತ್ತಿಕೊಂಡು ಹೋಗಿ ಹಸುವಿಗೆ ಹಾಕಿ ಬಂದಳು. ಹೊಸ ಎಲೆ ಹಾಸಿ, ಚಿಟಿಕೆ ಉಪ್ಪು ಬಡಿಸಿ ನಿಂತಳು.

“ಇದೇನತ್ತೆ ಅನ್ಯಾಯ! ಒಂದು ಸೌಟು ಸಾರು ಕೇಳಿದ್ದಕ್ಕೆ ಎಲೇನೇ ಎತ್ತಿಬಿಡೋದಾ?”

“ಹಿಂದಕ್ಕೆ ಯಾಕೆ ಹೋದ್ರಿ ಅಳಿಯಂದ್ರೇ? ಮೊದ್ಲೇ ಸರಿಯಾಗಿ ನೋಡ್ಕೋಬೇಕಿತ್ತು. ಉಪ್ಪಿಂದ ಶುರು ಮಾಡಿ. ಒಬ್ಬಟ್ಟು ಮಾತ್ರ ಕೇಳ್ಬೇಡಿ, ಅದು ಹಸುವಿನ ಪಾಲಾಯ್ತು.” ಅವಳು ಗಂಡ ಮಲಗಿದ್ದ ಕೋಣೆಯತ್ತ ಕೈ ತೋರಿದಳು. “ನಿಮಗೆ ತಪ್ಪಿದ್ದು ಒಂದು ಒಬ್ಬಟ್ಟು. ಅವರಿಗೆ ತಪ್ಪಿದ್ದು ಏನು ಅಂತ ಆ ಕೋಣೆಗೆ ಹೋಗಿ ನೋಡಿ.”

ಅಳಿಯ ತಿರುಗಿದ. ಬಾಗಿಲ ಸಂದಿಯಲ್ಲಿ ಮಾವನ ಊದಿದ ಪಾದಗಳು ಕಂಡವು. ಅವನ ಮುಖ ಕಪ್ಪಿಟ್ಟಿತು. ಎದ್ದು ಕೈ ತೊಳೆದು, ಚೀಲದಿಂದ ಕಂಪ್ಯೂಟರ್ ತೆಗೆದ. ಹಿಂದಕ್ಕೆ ಒತ್ತಿದರೆ ಒಂದೇ ಪುಟ ಹಿಂದೆ ಹೋಗುವಂತೆ, ತುಂಬಿದ್ದು ತುಂಬಿದ ಹಾಗೇ ಉಳಿಯುವಂತೆ ಮಾಡುವ ತನಕ ಅವನು ಮೇಲೇಳಲಿಲ್ಲ. ಅಲ್ಲಿಯವರೆಗೂ ಎಲೆಯ ಮೇಲೆ ಬರೀ ಉಪ್ಪೇ ಇತ್ತು.

ನೀತಿ: ತಪ್ಪು ತಿದ್ದಿಕೊಳ್ಳಲು ಒಂದು ಹೆಜ್ಜೆ ಹಿಂದೆ ಬಂದವರನ್ನು ಬೀದಿಗೆ ತಳ್ಳಬಾರದು. ತಾನು ಕಟ್ಟಿದ ದಾರಿಯಲ್ಲಿ ಎಡವಿದವರನ್ನು ಕಂಡು ನಗುವವನಿಗೆ ದಾರಿ ಕಟ್ಟುವ ಯೋಗ್ಯತೆಯೇ ಇಲ್ಲ.